ಗಟ್ಟಿಮೇಳ ಮತ್ತು ಗ್ರೀಕ್ ದೇವತೆಗಳು: ಇಂಗ್ಲಿಷ್ ಅರಮನೆಯ ಮಾಸ್ಕ್‌ಗಳ ಕಥೆ

1618ರ ಜನವರಿ 6ರ ರಾತ್ರಿ. ಲಂಡನ್ನಿನ ವೈಟ್‌ಹಾಲ್ ಅರಮನೆಯ ದೊಡ್ಡ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ವೆನಿಸ್ ರಾಯಭಾರಿಯ ಪರಿವಾರದ ಪಾದ್ರಿ ಒರಾಜಿಯೊ ಬುಸಿನೊ ಆ ಇಕ್ಕಟ್ಟಿನಲ್ಲೇ ಕೂತು ಎಲ್ಲವನ್ನೂ ನೋಡುತ್ತಿದ್ದಾನೆ. ವೇದಿಕೆಯ ಮೇಲೆ ಅಟ್ಲಾಸ್ ಪರ್ವತ. ಮೊದಲು ಹೊಟ್ಟೆಬಾಕತನದ ದೇವರು ಕೋಮಸ್ ಬಂದ. ಪೀಪಾಯಿ, ಬಾಟಲಿಗಳ ವೇಷ ಹಾಕಿದವರು ಕುಣಿದರು. ಹರ್ಕ್ಯುಲಿಸ್ ಬಂದು ಅವರನ್ನೆಲ್ಲ ಓಡಿಸಿದ. ಆಮೇಲೆ ಹದಿನೇಳರ ಯುವರಾಜ ಚಾರ್ಲ್ಸ್ ತನ್ನ ಜೊತೆಗಾರರನ್ನು ಕರೆದುಕೊಂಡು ಇಳಿದು ಬಂದ, ನೃತ್ಯ ಶುರುವಾಯಿತು. ಕುಣಿದೂ ಕುಣಿದೂ ಅವರಿಗೆ ಸುಸ್ತಾಯಿತು, ಹೆಜ್ಜೆ ಸಡಿಲವಾಯಿತು. ಅಷ್ಟರಲ್ಲಿ ಸಿಂಹಾಸನದಿಂದ ಒಂದನೇ ಜೇಮ್ಸ್ ದೊರೆ ಕೂಗಿದ: ಯಾಕೆ ಕುಣೀತಾ ಇಲ್ಲ? ನನ್ನನ್ನು ಇಲ್ಲಿಗೆ ಯಾಕೆ ಕರೆಸಿದಿರಿ? ಹಾಳಾಗಿ ಹೋಗಿ, ಕುಣೀರಿ!

ತಕ್ಷಣ ದೊರೆಯ ಅಚ್ಚುಮೆಚ್ಚಿನ ಬಕಿಂಗ್‌ಹ್ಯಾಂ ಎದ್ದು ನಾಲ್ಕಾರು ಸಲ ಮೇಲಕ್ಕೆ ಹಾರಿ ಹಾರಿ ಕುಣಿದ. ದೊರೆಯ ಸಿಟ್ಟು ಇಳಿಯಿತು. ಇದನ್ನೆಲ್ಲ ಬುಸಿನೊ ಬರೆದಿಟ್ಟಿದ್ದಾನೆ. ಕೊನೆಯಲ್ಲಿ ಊಟದ ಮೇಜಿಗೆ ಜನ ಮುಗಿಬಿದ್ದು ಗಾಜಿನ ಪಾತ್ರೆಗಳೆಲ್ಲ ಚೂರಾದದ್ದನ್ನೂ ಬಿಟ್ಟಿಲ್ಲ.

ವೇಷ, ಹಾಡು, ಕುಣಿತದ ಇಂಥ ಅರಮನೆಯ ಉತ್ಸವಕ್ಕೆ ಮಾಸ್ಕ್ ಅಂತ ಹೆಸರು. ಆ ರಾತ್ರಿಯ ಪಠ್ಯ ಬರೆದವನು ಬೆನ್ ಜಾನ್ಸನ್. ಗ್ರೀಕ್, ಲ್ಯಾಟಿನ್ ಅರೆದು ಕುಡಿದ ಕವಿ. ಸುಖ ಮತ್ತು ಸದ್ಗುಣ ಹೇಗೆ ರಾಜಿಯಾಗಬಹುದು ಅಂತ ಆತ ಪುರಾಣದ ಮೂಲಕ ಹೇಳಲು ಹೊರಟಿದ್ದ. ದೊರೆಗೆ ಬೇಕಾಗಿದ್ದದ್ದು ಕುಣಿತ. ಈ ಎರಡರ ನಡುವೆ ಸಿಕ್ಕಿಕೊಂಡದ್ದು ಸಂಗೀತ. ಇವತ್ತು ನಾನು ಮುಖ್ಯವಾಗಿ ಮಾತಾಡುವುದು ಅದರ ಬಗ್ಗೆ. ಇಲ್ಲಿ ನಾಟಕದವರೂ ಇದ್ದೀರಿ, ಸಂಗೀತದವರೂ ಇದ್ದೀರಿ. ನಾಟಕದವರು ಮಾಸ್ಕ್ ಅಂದರೆ ಕವಿತೆ ಮತ್ತು ರಂಗಸಜ್ಜಿಕೆ ಅಂತ ಓದಿರುತ್ತೀರಿ. ಸಂಗೀತ ಹಿನ್ನೆಲೆಗೆ ಇತ್ತು ಅಂದುಕೊಂಡಿರುತ್ತೀರಿ. ನನಗೆ ಅನಿಸುವುದು ಬೇರೆ. ಮಾಸ್ಕ್‌ನಲ್ಲಿ ಪುರಾಣ ಒಂದು ಮಾತು ಕೊಡುತ್ತದೆ. ಅದನ್ನು ನಡೆಸಿ ತೋರಿಸುವ ಕೆಲಸ ಸಂಗೀತದ್ದು. ರಾಕ್ಷಸರು ಮಾಯವಾಗಬೇಕೇ, ಸಮುದ್ರ ಶಾಂತವಾಗಬೇಕೇ, ಮರ ಮನುಷ್ಯನಾಗಬೇಕೇ, ಆ ಗಳಿಗೆಯಲ್ಲಿ ಯಾರೂ ವಾದ ಮಾಡುವುದಿಲ್ಲ, ಯುದ್ಧ ಮಾಡುವುದಿಲ್ಲ. ವಾದ್ಯ ಮೊಳಗುತ್ತದೆ, ಕೆಲಸ ಆಗಿಬಿಡುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಸ್ಕ್ ಅಂದರೆ ಟಿಕೆಟ್ ಕೊಟ್ಟು ನೋಡುವ ನಾಟಕ ಅಲ್ಲ. ಕ್ರಿಸ್ಮಸ್ ಮುಗಿದ ಹನ್ನೆರಡನೇ ದಿನಕ್ಕೋ, ರಾಜಮನೆತನದ ಮದುವೆಗೋ ಅರಮನೆಯಲ್ಲಿ ನಡೆಯುತ್ತಿದ್ದ ಒಂದು ರಾತ್ರಿಯ ಉತ್ಸವ. ಮಾತು, ಹಾಡು ಎಲ್ಲ ಸಂಬಳದ ನಟರದು, ಗಾಯಕರದು. ರಾಣಿ, ಯುವರಾಜ, ಶ್ರೀಮಂತರ ಮನೆಯವರು ವೇಷ ಹಾಕಿ ಬಾಯಿ ಬಿಡದೆ ಕುಣಿಯುತ್ತಿದ್ದರು, ಅಷ್ಟೇ. ಕೊನೆಗೆ ಅವರು ವೇದಿಕೆಯಿಂದ ಇಳಿದು ಪ್ರೇಕ್ಷಕರ ಕೈ ಹಿಡಿದು ಅವರನ್ನೂ ಕುಣಿತಕ್ಕೆ ಎಳೆಯುತ್ತಿದ್ದರು. ದೇವತೆ ಇಳಿದು ಬಂದು ನಿಮ್ಮ ಕೈ ಹಿಡಿದ ಹಾಗೆ. ಆ ಕುಣಿತ ಗಂಟೆಗಟ್ಟಲೆ ನಡೆಯುತ್ತಿತ್ತು. ಅಚ್ಚಾದ ಪಠ್ಯದಲ್ಲಿ ಅದು ಒಂದೇ ಸಾಲು: ಇಲ್ಲಿ ಅವರು ಕುಣಿದರು. ಓದುವವರು ಮೋಸ ಹೋಗುವುದು ಅಲ್ಲೇ.

ರಂಗದ ದೃಶ್ಯಗಳನ್ನು ಮಾಡುತ್ತಿದ್ದವನು ಇನಿಗೊ ಜೋನ್ಸ್. ದೂರ, ಹತ್ತಿರ ತೋರಿಸುವ ಇಟಲಿಯ ಪರ್ಸ್ಪೆಕ್ಟಿವ್ ಚಿತ್ರಣವನ್ನು ಇಂಗ್ಲಿಷ್ ರಂಗಕ್ಕೆ ತಂದವನು. ಅವನ ದೃಶ್ಯದ ಗೆರೆಗಳೆಲ್ಲ ಸರಿಯಾಗಿ ಕೂಡುವುದು ಒಂದೇ ಆಸನದಿಂದ ನೋಡಿದಾಗ. ಅದು ದೊರೆಯ ಆಸನ. ಉಳಿದವರಿಗೆ ಬೆಟ್ಟ ಸ್ವಲ್ಪ ಸೊಟ್ಟ, ಅರಮನೆ ಸ್ವಲ್ಪ ವಾಲಿದ ಹಾಗೆ. ಕಣ್ಣಿಗೆ ಕಾಣುವುದು ಹೀಗೆ ಒಬ್ಬನಿಗೇ ಮೀಸಲಾಗಬಹುದು. ಸಂಗೀತಕ್ಕೆ ಆ ಭೇದ ಇಲ್ಲ, ಹಿಂದಿನ ಸಾಲಿಗೂ ಕೇಳುತ್ತದೆ.

ಈಗ ಆ ಕಾಲದವರು ಸಂಗೀತದ ಬಗ್ಗೆ ಏನು ನಂಬಿದ್ದರು ಅಂತ ನೋಡೋಣ. ಪೈಥಾಗೊರಸ್‌ನಿಂದ ಬಂದ ನಂಬಿಕೆ ಅದು. ಗ್ರಹಗಳು ತಿರುಗುವಾಗ ನಾದ ಹೊರಡುತ್ತದೆ, ನಮ್ಮ ಕಿವಿಗೆ ಕೇಳುವುದಿಲ್ಲ. ಆ ನಾದದ ಲೆಕ್ಕವೇ ಮನುಷ್ಯನ ದೇಹ, ಮನಸ್ಸಿನಲ್ಲೂ ಇದೆ. ನಾವು ನುಡಿಸುವ ವಾದ್ಯ ಮೂರನೆಯದು, ಕೆಳಗಿನದು. ರೋಮಿನ ಪಂಡಿತ ಬೋಯೆತಿಯಸ್ ಇದನ್ನು ಮೂರು ಮೆಟ್ಟಿಲಾಗಿ ಹೇಳಿದ್ದ. ಸಾವಿರ ವರ್ಷ ಯೂರೋಪಿನ ಪಾಠಶಾಲೆಗಳಲ್ಲಿ ಅದನ್ನೇ ಕಲಿಸಿದರು. ಇದರಿಂದ ಒಂದು ರಾಜಕೀಯದ ಮಾತೂ ಹೊರಡುತ್ತದೆ ನೋಡಿ. ಆಕಾಶದಲ್ಲಿ ಶ್ರುತಿ ಇದ್ದ ಹಾಗೆ ರಾಜ್ಯದಲ್ಲೂ ಶ್ರುತಿ ಇರಬೇಕು. ಅದನ್ನು ಹಿಡಿದು ಕೂತವನು ದೊರೆ. ಸ್ಕಾಟ್ಲೆಂಡಿನಿಂದ ಬಂದು 1603ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೇರಿದ ಜೇಮ್ಸ್‌ಗೆ ಈ ಮಾತು ತುಂಬ ಅನುಕೂಲವಾಗಿತ್ತು. ಎರಡು ದೇಶಗಳನ್ನು ಒಂದು ಮಾಡಬೇಕು ಅಂತ ಅವನ ಆಸೆ. ಪಾರ್ಲಿಮೆಂಟು ಒಪ್ಪುತ್ತಿರಲಿಲ್ಲ. ಅರಮನೆಯ ಸಭಾಂಗಣದಲ್ಲಿ ಮಾತ್ರ ಎಲ್ಲ ಸುಲಭವಾಗಿ ಒಂದಾಗುತ್ತಿತ್ತು!

1605ರ ಜನವರಿ 6ರಂದು ನಡೆದ ‘ಮಾಸ್ಕ್ ಆಫ್ ಬ್ಲ್ಯಾಕ್‌ನೆಸ್’ ಜಾನ್ಸನ್ ಮತ್ತು ಜೋನ್ಸ್ ಒಟ್ಟಾಗಿ ಮಾಡಿದ ಮೊದಲನೆಯದು. ಜೇಮ್ಸ್‌ನ ಹೆಂಡತಿ, ಡೆನ್ಮಾರ್ಕಿನ ಆ್ಯನ್ ರಾಣಿ, ಬಸುರಿ. ಆದರೂ ತನ್ನ ಸಖಿಯರ ಜೊತೆ ಮುಖ, ಕೈಗೆಲ್ಲ ಕಪ್ಪು ಬಳಿದುಕೊಂಡು ನೈಜರ್ ನದಿಯ ಮಗಳಾಗಿ ಬಂದಳು. ಹನ್ನೆರಡು ಜನ ಹೆಂಗಸರು ದೊಡ್ಡ ಮುತ್ತಿನ ಚಿಪ್ಪಿನಲ್ಲಿ ಕೂತು, ಬಟ್ಟೆಯ ಅಲೆಗಳ ಮೇಲೆ ತೇಲಿ ಬಂದರು. ಸ್ಪೇನಿನ ರಾಯಭಾರಿ ರಾಣಿಯ ಕೈಗೆ ಮುತ್ತಿಟ್ಟಾಗ ಅವನ ತುಟಿಗೆ ಕಪ್ಪು ಅಂಟುವ ಅಪಾಯವಿತ್ತು ಅಂತ ಡಡ್ಲಿ ಕಾರ್ಲ್‌ಟನ್ ಎಂಬಾತ ಕಾಗದದಲ್ಲಿ ಕುಹಕವಾಡಿದ್ದಾನೆ.

ಕಥೆ ಹೀಗಿದೆ. ನೈಜರ್ ತನ್ನ ಮಕ್ಕಳ ಕಪ್ಪೇ ನಿಜವಾದ ಚೆಲುವು ಅನ್ನುತ್ತಾನೆ. ಆದರೆ ಕವಿಗಳು ಬೇರೆ ದೇಶದ ಬಿಳಿ ಹೆಣ್ಣುಗಳನ್ನು ಹೊಗಳಿ ಹೊಗಳಿ ಇವರ ತಲೆ ಕೆಡಿಸಿದ್ದಾರೆ. ಬ್ರಿಟನ್ನಿನಲ್ಲಿ ಒಬ್ಬ ಸೂರ್ಯನಿದ್ದಾನೆ, ಅವನ ಬೆಳಕಿಗೆ ಕಪ್ಪೂ ಬಿಳಿಯಾಗುತ್ತದೆ ಅಂತ ಅವರಿಗೆ ಆಶ್ವಾಸನೆ ಸಿಗುತ್ತದೆ. ಸೂರ್ಯ ಯಾರು ಅಂತ ಹೇಳಬೇಕಾಗಿಲ್ಲ. ಇವತ್ತು ಓದಿದರೆ ಕಸಿವಿಸಿ ಆಗುತ್ತದೆ, ಆಗಲೇಬೇಕು. ಕಪ್ಪು ತೊಳೆದರೆ ತಾನೇ ಉದ್ಧಾರ ಅನ್ನುವ ಪುರಾಣ ಅದು. ಆಫ್ರಿಕಾದ ಜನರನ್ನು ಮಾರುತ್ತಿದ್ದ ಕಾಲದಲ್ಲಿ ಬರೆದದ್ದು ಬೇರೆ. ಇದನ್ನು ಸುಮ್ನೆ ಅಲಂಕಾರ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆದರೆ ಅದರೊಳಗೆ ಒಂದು ಹಾಡಿದೆ, ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ರಾಣಿ ಮತ್ತು ಸಖಿಯರು ತಮ್ಮ ನೃತ್ಯ ಮುಗಿಸಿದ್ದಾರೆ. ಇನ್ನೇನು ಸಭೆಯ ಗಂಡಸರನ್ನು ಕುಣಿತಕ್ಕೆ ಕರೆಯಬೇಕು. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಒಂದು ಗಂಡು ದನಿ ಕೇಳುತ್ತದೆ. ಬನ್ನಿ, ವಾಪಸು ಬನ್ನಿ, ನೀವು ಅಲ್ಲೇ ನಿಂತರೆ ನಮಗೆ ಹೊಟ್ಟೆಕಿಚ್ಚು ಅಂತ. ಕಿವಿ ಮುಚ್ಚಿಕೊಳ್ಳದಿದ್ದರೆ ನೆಲದ ಸೈರನ್‌ಗಳು ನಿಮ್ಮನ್ನು ಮರುಳು ಮಾಡುತ್ತವೆ ಅನ್ನುತ್ತದೆ. ಗ್ರೀಕ್ ಪುರಾಣದಲ್ಲಿ ಹಾಡಿ ನಾವಿಕರನ್ನು ಕೊಲ್ಲುವ ಸೈರನ್‌ಗಳು ಇರುವುದು ಸಮುದ್ರದಲ್ಲಿ. ಇಲ್ಲಿ ಸಮುದ್ರವೇ ನೆಲಕ್ಕೆ ಹೆದರುತ್ತಿದೆ! ಎದುರಿಗೆ ಕೂತ ಗಂಡಸರಿಗೆ ಇದಕ್ಕಿಂತ ದೊಡ್ಡ ಮುಖಸ್ತುತಿ ಬೇಕೇ? ಹಾಡು ಮುಗಿದದ್ದೇ ತಡ, ಹೆಂಗಸರು ಸಮುದ್ರದ ಮಾತು ಕೇಳದೆ ಗಂಡಸರ ಕೈ ಹಿಡಿಯುತ್ತಾರೆ. ಹಾಡು ಕುಣಿತಕ್ಕೆ ಬಾಗಿಲು ತೆಗೆಯುವುದು ಹೀಗೆ, ತಡೆಯುವ ನೆಪದಲ್ಲಿ. ಇದಕ್ಕೆ ಸಂಗೀತ ಕೊಟ್ಟವನು ಆಲ್ಫೊನ್ಸೊ ಫೆರಾಬೊಸ್ಕೊ. ಇಟಲಿ ಮೂಲದ ಮನೆತನ, ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1609ರಲ್ಲಿ ಅವನು ಅಚ್ಚು ಮಾಡಿಸಿದ ಹಾಡಿನ ಪುಸ್ತಕದಲ್ಲಿ ಇದು ಉಳಿದುಕೊಂಡಿದೆ.

ಮುಂದಿನ ವರ್ಷದ ‘ಹೈಮೆನೈ’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮದುವೆಗೆ ಮಾಡಿದ ಮಾಸ್ಕ್ ಅದು. ದೊಡ್ಡ ಭೂಗೋಳದ ಒಳಗಿಂದ ಎಂಟು ಗಂಡಸರು ಕತ್ತಿ ಹಿರಿದು ಬರುತ್ತಾರೆ. ನಾಲ್ವರು ದೇಹದ ರಸಗಳು, ನಾಲ್ವರು ಮನಸ್ಸಿನ ವಿಕಾರಗಳು. ವಿವೇಕ ಅವರನ್ನು ತಡೆಯುತ್ತದೆ, ಕಡೆಗೆ ಎಲ್ಲರೂ ತಾಳಕ್ಕೆ ಹೆಜ್ಜೆ ಹಾಕುತ್ತಾರೆ. ಆ ಭೂಗೋಳವನ್ನು ಪೀಠದ ಹಿಂದೆ ನಿಂತು ಕೈಯಾರೆ ತಿರುಗಿಸುತ್ತಿದ್ದವನು ಸ್ವತಃ ಬೆನ್ ಜಾನ್ಸನ್ ಅಂತ ನೋಡಿದವರೊಬ್ಬರು ಕಾಗದ ಬರೆದಿದ್ದಾರೆ. ಕವಿ ಅಂದ್ರೆ ಹಾಗಿರಬೇಕು ಅಲ್ವಾ? ಮದುಮಗ ಎಸೆಕ್ಸ್‌ನ ಅರ್ಲ್, ಮದುಮಗಳು ಫ್ರಾನ್ಸಿಸ್ ಹೊವರ್ಡ್. ಇಬ್ಬರೂ ಹದಿನೈದರ ಆಸುಪಾಸು. ಸಾಮರಸ್ಯದ ಮೇಲೆ ಅಷ್ಟು ಹಾಡಿದ್ದರೂ 1613ರಲ್ಲಿ ಮದುವೆ ರದ್ದಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಕೆಗೆ ಇನ್ನೊಂದು ಮದುವೆ, ಅದಕ್ಕೂ ಮಾಸ್ಕ್. 1616ರಲ್ಲಿ ಆಕೆ ಮತ್ತು ಎರಡನೇ ಗಂಡ ಇಬ್ಬರೂ ವಿಷಹಾಕಿ ಕೊಲೆ ಮಾಡಿಸಿದ ಕೇಸಿನಲ್ಲಿ ಅಪರಾಧಿಗಳಾದರು. ಅದೇ ವರ್ಷ ಜಾನ್ಸನ್ ತನ್ನ ಸಮಗ್ರ ಕೃತಿ ಪ್ರಕಟಿಸಿದಾಗ ‘ಹೈಮೆನೈ’ ಯಾರ ಮದುವೆಗೆ ಬರೆದದ್ದು ಅನ್ನುವುದನ್ನು ಮೆಲ್ಲಗೆ ತೆಗೆದುಹಾಕಿದ.

1609ರ ಫೆಬ್ರವರಿ 2ರ ‘ಮಾಸ್ಕ್ ಆಫ್ ಕ್ವೀನ್ಸ್’ಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಸಂಗೀತ ಏನು ಮಾಡುತ್ತದೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ.

ತೆರೆ ಸರಿದಾಗ ಕಾಣುವುದು ನರಕ. ಬೆಂಕಿ, ಹೊಗೆ. ಅದರೊಳಗಿಂದ ಟೊಳ್ಳು ದನಿಯ ಒಂದು ಪಾತಾಳ ಸಂಗೀತ. ಆ ಸಂಗೀತಕ್ಕೆ ಮಾಟಗಾತಿಯರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಕೈಯಲ್ಲಿ ಕದಿರು, ಗಿಲಕಿ, ಏನೇನೋ. ಎಲ್ಲ ಸೇರಿ ಗದ್ದಲ ಎಬ್ಬಿಸುತ್ತಾರೆ. ಒಟ್ಟು ಹನ್ನೆರಡು ಜನ, ವೇಷ ಹಾಕಿದವರು ಸಂಬಳದ ಗಂಡಸರು. ಮಂತ್ರ ಹಾಕುತ್ತಾರೆ, ಫಲಿಸುವುದಿಲ್ಲ. ಮತ್ತೆ ಹಾಕುತ್ತಾರೆ. ಕೊನೆಗೆ ಕುಣಿಯುತ್ತಾರೆ. ಆ ಕುಣಿತ ಹೇಗಿತ್ತು ಅಂತ ಜಾನ್ಸನ್ ವಿವರವಾಗಿ ಬರೆದಿದ್ದಾನೆ. ಬೆನ್ನಿಗೆ ಬೆನ್ನು, ಸೊಂಟಕ್ಕೆ ಸೊಂಟ ತಾಗಿಸಿ, ಕೈ ಕೈ ಹಿಡಿದು, ಎಡಕ್ಕೆ ಹಿಮ್ಮುಖವಾಗಿ ಸುತ್ತುವುದು. ಮನುಷ್ಯರು ಮಾಡುವುದಕ್ಕೆಲ್ಲ ತಿರುಗುಮುರುಗು. ಈ ನೃತ್ಯ ಕಲಿಸಿದವನ ಹೆಸರನ್ನೂ ಕೊಟ್ಟಿದ್ದಾನೆ, ಜೆರೋಮ್ ಹರ್ನ್. ದೊರೆ ಜೇಮ್ಸ್ 1597ರಲ್ಲೇ ಮಾಟಮಂತ್ರದ ಮೇಲೆ ಒಂದು ಪುಸ್ತಕ ಬರೆದಿದ್ದ ಅನ್ನುವುದು ನೆನಪಿರಲಿ. ಜಾನ್ಸನ್ ಯುವರಾಜ ಹೆನ್ರಿಗಾಗಿ ತನ್ನ ಕೈಬರಹದಲ್ಲೇ ಇದರ ಪ್ರತಿ ಮಾಡಿಕೊಟ್ಟ. ಮಾಟಗಾತಿಯರ ಒಂದೊಂದು ನಡೆಗೂ ಹಳೆಯ ಗ್ರಂಥಗಳಿಂದ ಆಧಾರ ಕೊಟ್ಟು ಪುಟದ ಅಂಚು ತುಂಬಿಸಿದ. ಕುಣಿತಕ್ಕೆ ಅಡಿಟಿಪ್ಪಣಿ!

ಕುಣಿತ ಏರಿ ಏರಿ ಹುಚ್ಚುಹಿಡಿದ ಹಾಗೆ ಆಗಿದೆ. ಆಗ, ಇದ್ದಕ್ಕಿದ್ದಂತೆ, ಎಷ್ಟೋ ವಾದ್ಯಗಳು ಸೇರಿ ಒಂದೇ ಏಟಿಗೆ ಮೊಳಗಿದಂಥ ಭಾರಿ ಸದ್ದು. ಮಾಟಗಾತಿಯರು ಮಾಯ. ನರಕವೂ ಮಾಯ. ಅಲ್ಲಿ ನರಕ ಇತ್ತು ಅನ್ನುವ ಗುರುತೂ ಉಳಿಯದ ಹಾಗೆ ಇಡೀ ದೃಶ್ಯ ಬದಲಾಗಿ ಕೀರ್ತಿಯ ಮಂದಿರ ಕಾಣಿಸುತ್ತದೆ. ಮೇಲೆ ಸಿಂಹಾಸನದಲ್ಲಿ ಹನ್ನೆರಡು ರಾಣಿಯರು.

ನಮ್ಮ ಮದುವೆಯಲ್ಲಿ ತಾಳಿ ಕಟ್ಟುವಾಗ ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಕೂಗುತ್ತಾರಲ್ಲ. ನಾದಸ್ವರ, ಡೋಲು ಒಮ್ಮೆಲೇ ಏರುತ್ತವೆ. ಅದಕ್ಕೆ ಎರಡು ಕಾರಣ. ಒಂದು, ಮುಹೂರ್ತ ಬಂತು ಅಂತ ಎಲ್ಲರಿಗೂ ಸಾರುವುದು. ಇನ್ನೊಂದು, ಆ ಹೊತ್ತಲ್ಲಿ ಯಾರಾದರೂ ಸೀನಿದರೋ, ಅಪಶಕುನದ ಮಾತಾಡಿದರೋ ಅದು ಕೇಳಿಸಬಾರದು. ಮಾಸ್ಕ್‌ನ ಭಾರಿ ವಾದ್ಯಕ್ಕೂ ಇದೇ ಎರಡು ಕೆಲಸ. ಜೋನ್ಸ್‌ನ ದೃಶ್ಯ ಬದಲಾಗುವುದು ರಾಟೆ, ಹಗ್ಗ, ಚಕ್ರಗಳಿಂದ. ಮರದ ಚೌಕಟ್ಟು ಕಿರುಗುಟ್ಟುತ್ತದೆ, ಕೆಲಸದವರು ಪಿಸುಗುಟ್ಟುತ್ತಾರೆ. ಅದೆಲ್ಲ ಕೇಳಿಸಿದರೆ ಪವಾಡ ಎಲ್ಲಿ ಉಳಿಯಿತು? ಮರದ ಕೊಂಬಿನಂಥ ಕಾರ್ನೆಟ್ಟು, ಹಳೆಯ ಕಾಲದ ಟ್ರಾಂಬೋನ್ ಆದ ಸ್ಯಾಕ್‌ಬಟ್, ಮುಖವೀಣೆಯ ಜಾತಿಯ ಹಾಟ್‌ಬಾಯ್, ಇವು ಮೊಳಗಿದರೆ ರಾಟೆಯ ಸದ್ದು ಮುಚ್ಚಿಹೋಗುತ್ತದೆ. ಒಂದೇ ಸದ್ದು ದೈವದ ಶಕ್ತಿಯನ್ನೂ ಸಾರುತ್ತದೆ, ಬಡಗಿಯ ಗುಟ್ಟನ್ನೂ ಕಾಯುತ್ತದೆ. ಇದು ನನಗೆ ಬಹಳ ಇಷ್ಟವಾದ ಸಂಗತಿ.

ಅದೇ ರಾತ್ರಿಯ ಇನ್ನೊಂದು ವಿಷಯ. ರಾಣಿಯರ ಮೂರನೇ ನೃತ್ಯದಲ್ಲಿ ಅವರು ನಿಂತ ಜಾಗಗಳೇ ಅಕ್ಷರಗಳಾದವು. ರಾಜನ ಎರಡನೇ ಮಗ ಚಾರ್ಲ್ಸ್‌ನ ಹೆಸರು ನೆಲದ ಮೇಲೆ ಮೂಡಿತು. ಗಣಿತಜ್ಞರು ಪ್ರಮಾಣ ಅನ್ನುವುದನ್ನು ಕಳೆದುಕೊಂಡಿದ್ದರೆ ಇಲ್ಲಿ ಹುಡುಕಿಕೊಳ್ಳಬಹುದಿತ್ತು ಅಂತ ಜಾನ್ಸನ್‌ನ ಹೊಗಳಿಕೆ. ಆಗ ಹುಡುಗನಿಗೆ ಎಂಟು ವರ್ಷ. ಇವನೇ ಒಂಬತ್ತು ವರ್ಷ ಕಳೆದು ಅಪ್ಪನ ಬೈಗುಳ ಕೇಳುತ್ತಾ ಕುಣಿದವನು.

ಇಷ್ಟೆಲ್ಲ ಮಾಡಿದವರಿಗೆ ಸಿಕ್ಕದ್ದೆಷ್ಟು? 1611ರ ಒಂದು ಮಾಸ್ಕ್‌ನ ಲೆಕ್ಕ ಉಳಿದಿದೆ. ಬೆನ್ ಜಾನ್ಸನ್‌ಗೆ 40 ಪೌಂಡು, ಇನಿಗೊ ಜೋನ್ಸ್‌ಗೆ 40. ಹಾಡುಗಳಿಗೆ ಸಂಗೀತ ಕೊಟ್ಟ ಫೆರಾಬೊಸ್ಕೊಗೆ 20. ಹಾಡುಗಳನ್ನು ಮೀಟಿ ನುಡಿಸುವ ತಂತಿವಾದ್ಯ ಲ್ಯೂಟ್‌ಗಳಿಗೆ ಹೊಂದಿಸಿದ ರಾಬರ್ಟ್ ಜಾನ್ಸನ್‌ಗೆ 5, ಕುಣಿತದ ಧಾಟಿಗಳನ್ನು ಪಿಟೀಲುಗಳಿಗೆ ಹೊಂದಿಸಿದ ತಾಮಸ್ ಲೂಪೊಗೆ 5. ನೃತ್ಯ ಕಲಿಸಿದ ಕನ್ಫೆಸ್ ಎಂಬ ಮೇಷ್ಟರಿಗೆ 50! ಕವಿಗಿಂತ ಜಾಸ್ತಿ. ದೊರೆ ‘ಕುಣೀರಿ’ ಅಂತ ಕೂಗಿದ್ದು ಬರೀ ಸಿಟ್ಟಲ್ಲ, ಖಜಾನೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ಇನ್ನೊಂದು ಗಮನಿಸಿ, ಸಂಗೀತ ಒಬ್ಬರ ಕೆಲಸ ಆಗಿರಲಿಲ್ಲ. ಧಾಟಿ ಒಬ್ಬನದು, ಲ್ಯೂಟಿನ ಜೋಡಣೆ ಇನ್ನೊಬ್ಬನದು, ಪಿಟೀಲಿನದು ಮತ್ತೊಬ್ಬನದು. ಇದರ ಪರಿಣಾಮ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ಜಾನ್ಸನ್ ಬಿಟ್ಟು ಇನ್ನೊಬ್ಬನ ಹತ್ತಿರ ಹೋಗೋಣ. ತಾಮಸ್ ಕ್ಯಾಂಪಿಯನ್. ವೃತ್ತಿಯಿಂದ ವೈದ್ಯ. ಕವಿ, ಜೊತೆಗೆ ಸಂಗೀತಗಾರ. 1607ರ ಜನವರಿ 6ರಂದು ಲಾರ್ಡ್ ಹೇ ಎಂಬ ಸ್ಕಾಟ್ ಶ್ರೀಮಂತನಿಗೂ ಇಂಗ್ಲಿಷ್ ಹುಡುಗಿಗೂ ಮದುವೆ. ಮಾಸ್ಕ್ ಕ್ಯಾಂಪಿಯನ್‌ನದು. ಜಾನ್ಸನ್ ಅಡಿಟಿಪ್ಪಣಿ ಬರೆದರೆ ಇವನು ವಾದ್ಯಗಾರರು ಎಲ್ಲೆಲ್ಲಿ ಕೂತಿದ್ದರು ಅಂತ ಬರೆದ. ಬಲಗಡೆ ಹತ್ತು ಜನ: ಲ್ಯೂಟುಗಳು, ಹಾರ್ಪ್ಸಿಕಾರ್ಡ್, ಎರಡು ಪಿಟೀಲು, ಇತ್ಯಾದಿ. ಇನ್ನೊಂದು ಕಡೆ ಒಂಬತ್ತು ಪಿಟೀಲು, ಮೂರು ಲ್ಯೂಟು. ಇವೆರಡಕ್ಕೂ ಎದುರಾಗಿ, ತ್ರಿಕೋನದ ಮೂರನೇ ಮೂಲೆಯಲ್ಲಿ, ಆರು ಕಾರ್ನೆಟ್ಟು, ಆರು ಗಾಯಕರು. ಕಾರ್ನೆಟ್ಟಿನ ದನಿ ಚುಚ್ಚುತ್ತದೆ ಅಂತ ಅವರಿಗೆ ಎತ್ತರದ ಜಾಗ. ಪಲ್ಲವಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಪ್ರತಿಧ್ವನಿಯ ಹಾಗೆ ಹಾರುತ್ತದೆ, ಒಂದೊಂದಾಗಿ, ಬೆರೆತು, ಕೊನೆಗೆ ಎಲ್ಲ ಒಟ್ಟಾಗಿ. ಕಂಠ, ವಾದ್ಯ ಸೇರಿ ನಲವತ್ತೆರಡು. ಸಭೆಯ ನಡುವೆ ಕೂತವರಿಗೆ ನಾದ ಸುತ್ತಲಿಂದ ಬಂದಿರಬೇಕು.

ಕಥೆಯಲ್ಲಿ ಡಯಾನಾ ದೇವಿ ಸಿಟ್ಟಾಗಿದ್ದಾಳೆ. ತನ್ನ ಕನ್ಯೆಯರನ್ನು ಒಲಿಸಲು ಬಂದ ಒಂಬತ್ತು ವೀರರನ್ನು ಚಿನ್ನದ ಮರಗಳನ್ನಾಗಿ ಮಾಡಿಬಿಟ್ಟಿದ್ದಾಳೆ. ಹಾಡು ಶುರುವಾದ ಕೂಡಲೇ ಆ ಮರಗಳು ಅಲುಗುತ್ತವೆ, ಗಾಯಕರ ತಾಳಕ್ಕೆ ಸರಿಯಾಗಿ ಕುಣಿಯುತ್ತವೆ. ಕೇಳಿಸಿಕೊಂಡದ್ದರಿಂದಲೇ ಅರ್ಧ ಮನುಷ್ಯರಾದ ಹಾಗೆ. ಆಮೇಲೆ ರಾತ್ರಿದೇವಿ ಕೋಲು ಮುಟ್ಟಿಸಿದಾಗ ಮರ ಸೀಳಿ ಮೂವರು ಮೂವರಾಗಿ ಹೊರಬರುತ್ತಾರೆ. ಇಲ್ಲೊಂದು ಎಡವಟ್ಟಾಯಿತು. ಮರಗಳು ಕೆಳಗೆ ಇಳಿಯುವಾಗ ಯಂತ್ರ ಸರಿಯಾಗಿ ಕೆಲಸ ಮಾಡಲಿಲ್ಲ. ಬಣ್ಣ ಬಳಿಯುವವನ ದಡ್ಡತನವೋ, ಅಸಡ್ಡೆಯೋ, ಪಿತೂರಿಯೋ ಅಂತ ಕ್ಯಾಂಪಿಯನ್ ಅಚ್ಚಾದ ಪುಸ್ತಕದಲ್ಲೇ ಬೈದಿದ್ದಾನೆ. ರಂಗದ ಹಿಂದೆ ಕೆಲಸ ಮಾಡಿದವರು ನಗುತ್ತಿದ್ದೀರಿ, ಕಾಣಿಸುತ್ತಿದೆ.

ಮಾಸ್ಕ್‌ಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪಾತ್ರ ಆರ್ಫಿಯಸ್. ವೀಣೆ ನುಡಿಸಿ ಕಾಡುಪ್ರಾಣಿ, ಮರ, ಕಲ್ಲುಗಳನ್ನೆಲ್ಲ ಸೆಳೆದವನು. ಕ್ಯಾಂಪಿಯನ್ 1613ರ ಫೆಬ್ರವರಿ 14ರಂದು, ರಾಜಕುಮಾರಿ ಎಲಿಜಬೆತ್‌ಳ ಮದುವೆಗೆ, ಅವನನ್ನು ಹುಚ್ಚಿನ ದೇವತೆ ಮೇನಿಯಾಳ ಗುಹೆಗೆ ಕಳಿಸುತ್ತಾನೆ. ಅಲ್ಲಿ ಹುಚ್ಚರ ಜೊತೆ ಕವಿಯ ಆವೇಶವೂ ಬಂದಿಯಾಗಿದೆ. ಅದನ್ನು ಬಿಡಿಸಬೇಕು, ಹುಚ್ಚರು ಮಾತ್ರ ಹೊರಗೆ ಬರಬಾರದು. ಆದರೆ ಹನ್ನೆರಡು ಹುಚ್ಚರು ನುಗ್ಗಿಬರುತ್ತಾರೆ. ವಿಚಿತ್ರ ಸಂಗೀತಕ್ಕೆ ಕುಣಿಯುತ್ತಾರೆ. ಆರ್ಫಿಯಸ್ ಗಂಭೀರವಾದ ಇನ್ನೊಂದು ಧಾಟಿ ಎತ್ತಿದಾಗ ತಣ್ಣಗಾಗಿ ಹೊರಟುಹೋಗುತ್ತಾರೆ. ಕವಿಗೂ ಹುಚ್ಚನಿಗೂ ಇರುವ ವ್ಯತ್ಯಾಸ ತೋರಿಸಲು ಮಾತು ಸಾಲಲಿಲ್ಲ, ಎರಡು ಬಗೆಯ ಸಂಗೀತ ಬೇಕಾಯಿತು. ಬರೆದವನು ವೈದ್ಯ ಅನ್ನುವುದನ್ನು ಮರೆಯಬೇಡಿ.

ಆರ್ಫಿಯಸ್ ಕೊನೆಗೆ ನಮ್ಮ ಊರಿಗೂ ಬಂದ! ತಮಾಷೆ ಅಲ್ಲ. 1635ರ ಫೆಬ್ರವರಿ 10ರಂದು ‘ಟೆಂಪಲ್ ಆಫ್ ಲವ್’ ಎಂಬ ಮಾಸ್ಕ್ ನಡೆಯಿತು. ಜೇಮ್ಸ್ ತೀರಿಕೊಂಡು ಹತ್ತು ವರ್ಷ ಆಗುತ್ತಾ ಬಂದಿತ್ತು, ಚಾರ್ಲ್ಸ್ ದೊರೆಯಾಗಿದ್ದ. ಬರೆದವನು ವಿಲಿಯಂ ಡೇವನೆಂಟ್, ದೃಶ್ಯ ಜೋನ್ಸ್‌ದು. ಚಾರ್ಲ್ಸ್‌ನ ಫ್ರೆಂಚ್ ಹೆಂಡತಿ ಹೆನ್ರಿಯೆಟ್ಟಾ ಮರಿಯಾ ಹಾಕಿದ ವೇಷ ಇಂಡಮೋರಾ, ನರ್ಸಿಂಗದ ರಾಣಿ. ಈ ನರ್ಸಿಂಗ ಯಾವುದು? ಪೋರ್ಚುಗೀಸರು ವಿಜಯನಗರ ರಾಜ್ಯವನ್ನು ಕರೆಯುತ್ತಿದ್ದ ಹೆಸರು ಅದು, ಸಾಳುವ ನರಸಿಂಹನ ಕಾಲದಿಂದ ಅಂಟಿಕೊಂಡದ್ದು. ಯೂರೋಪಿನ ಭೂಪಟಗಳಲ್ಲಿ, ಪ್ರವಾಸಿಗಳ ಬರಹದಲ್ಲಿ ಆ ಹೆಸರು ಬಹಳ ಕಾಲ ಓಡಾಡಿತು. ರಂಗದ ಚೌಕಟ್ಟಿನ ಒಂದು ಬದಿಗೆ ಬಿಳಿಚು ಆನೆಯ ಮೇಲೆ ಭಾರತೀಯ, ಇನ್ನೊಂದು ಬದಿಗೆ ಒಂಟೆಯ ಮೇಲೆ ಏಷ್ಯಾದವನೊಬ್ಬ.

ಹಾಗಂತ ಅದರಲ್ಲಿ ಹಂಪಿಯನ್ನು ಹುಡುಕಬೇಡಿ. ಇಂಡಮೋರಾ ಬರುವುದು ಸಮುದ್ರದ ಮೇಲೆ, ಚಿಪ್ಪುಗಳ ರಥದಲ್ಲಿ, ಸಮುದ್ರದ ಪ್ರಾಣಿಗಳು ಎಳೆಯುತ್ತಾ ಇರುವಾಗ. ತುಂಗಭದ್ರೆಯ ದಡದಲ್ಲಿ ಸಮುದ್ರ ಎಲ್ಲಿಂದ ಬಂತು? ಅವಳು ಬರುವ ಮೊದಲು ಒಂದು ವಿಚಿತ್ರ ದೋಣಿಯಲ್ಲಿ ಆರ್ಫಿಯಸ್ ಕಾಣಿಸಿಕೊಂಡು ಹಾರ್ಪ್ ನುಡಿಸುತ್ತಾನೆ. ದಡದ ದೇವಾಲಯದ ಪೂಜಾರಿಗಳು ಹಾಡಿ, ವಾದ್ಯ ನುಡಿಸಿ ಉತ್ತರ ಕೊಡುತ್ತಾರೆ. ಅಲೆಗಳು ಇಳಿಯುತ್ತವೆ, ಆಗ ರಾಣಿಯ ರಥ. ಮೊದಲಿನಿಂದ ಹೇಳುತ್ತಾ ಬಂದದ್ದೇ ನೋಡಿ, ದಾರಿ ಮಾಡಿಕೊಡುವುದು ಸಂಗೀತ. ರಾಣಿ ಬಂದ ಮೇಲೆ ಮಂತ್ರವಾದಿಗಳ ಮೋಸ ಕಳಚಿ ಪರಿಶುದ್ಧ ಪ್ರೇಮದ ದೇವಾಲಯ ಕಾಣುತ್ತದೆ. ಅದು ಹೆನ್ರಿಯೆಟ್ಟಾಳ ಆಸ್ಥಾನದ ಫ್ಯಾಷನ್ ಆಗಿದ್ದ ಪ್ಲೇಟೋನಿಕ್ ಪ್ರೇಮ, ನಮಗೂ ಅದಕ್ಕೂ ಸಂಬಂಧವಿಲ್ಲ. ವಿಜಯನಗರ ಪಟ್ಟಣ 1565ರಲ್ಲೇ ಹಾಳಾಗಿತ್ತು. ಅರವೀಡು ವಂಶದವರು ಆಂಧ್ರ, ತಮಿಳು ಸೀಮೆಯ ಕೋಟೆಗಳಲ್ಲಿ ಉಳಿದ ರಾಜ್ಯವನ್ನು ಹಿಡಿದುಕೊಂಡಿದ್ದರು. ಮಾಸ್ಕ್ ನಡೆದ ನಾಲ್ಕೇ ವರ್ಷಕ್ಕೆ, 1639ರಲ್ಲಿ, ಅದೇ ರಾಜ್ಯದ ಕೈಕೆಳಗಿನ ಒಬ್ಬ ನಾಯಕನಿಂದ ಇಂಗ್ಲಿಷ್ ಕಂಪನಿಯವರು ಮದ್ರಾಸಿನ ಜಾಗ ಪಡೆದರು. ಅವರಿಗೆ ಅಲೆ ಇಳಿಸಲು ಆರ್ಫಿಯಸ್ ಬೇಕಾಗಲಿಲ್ಲ.

ಜಾನ್ಸನ್ ಮತ್ತು ಜೋನ್ಸ್ ಜಗಳ ನಿಮಗೆ ಗೊತ್ತಿರಬಹುದು. 1631ರಲ್ಲಿ ಒಂದು ಪುಸ್ತಕದ ಮುಖಪುಟದಲ್ಲಿ ಯಾರ ಹೆಸರು ಮೊದಲು ಅನ್ನುವುದಕ್ಕೆ ಸಿಡಿದದ್ದು. ಬಣ್ಣ ಬಳಿಯುವುದು, ಮರಗೆಲಸ ಇವೇ ಮಾಸ್ಕ್‌ನ ಆತ್ಮ ಅಂತ ಜಾನ್ಸನ್ ವ್ಯಂಗ್ಯವಾಗಿ ಬರೆದ. ಆಮೇಲೆ ಅವನಿಗೆ ಅರಮನೆಯ ಮಾಸ್ಕ್ ಸಿಗಲಿಲ್ಲ. ಕವಿ ದೊಡ್ಡವನೋ ಬಡಗಿ ದೊಡ್ಡವನೋ ಅಂತ ಇವತ್ತಿಗೂ ಲೇಖನ ಬರೆಯುತ್ತಾರೆ. ಫೆರಾಬೊಸ್ಕೊ 1628ರಲ್ಲೇ ತೀರಿಕೊಂಡಿದ್ದ, ಈ ಜಗಳದಲ್ಲಿ ಅವನಿಲ್ಲ, ಅದಕ್ಕೇ ಅವನ ಹೆಸರು ಯಾರಿಗೂ ನೆನಪಿಲ್ಲ.

ಸಂಗೀತ ಮರೆತುಹೋಗಲು ಇನ್ನೊಂದು ಕಾರಣ, ಆಗಲೇ ಹೇಳುತ್ತೇನೆ ಅಂದಿದ್ದೆನಲ್ಲ, ಕೆಲಸ ಹಂಚಿಹೋಗಿದ್ದದ್ದು. ಇಡೀ ರಾತ್ರಿಯ ಸಂಗೀತ ಒಂದು ಕಡೆ ಯಾರೂ ಬರೆದಿಡಲಿಲ್ಲ. ಪಠ್ಯಕ್ಕೆ ಅಚ್ಚಿನ ಭಾಗ್ಯ, ಜೋನ್ಸ್‌ನ ಚಿತ್ರಗಳು ನೂರಾರು ಉಳಿದಿವೆ. ಹಾಡುಗಳು ಬಿಡಿಬಿಡಿಯಾಗಿ ಅಲ್ಲಲ್ಲಿ. ಕುಣಿತದ ಧಾಟಿಗಳ ಒಂದು ದೊಡ್ಡ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿರುವುದು ಮೇಲಿನ ಸ್ವರ, ಕೆಳಗಿನ ಸ್ವರ, ಎರಡೇ. ನಡುವಿನದನ್ನು ನುಡಿಸುವವರೇ ತುಂಬಿಕೊಳ್ಳಬೇಕು. ಅದರಲ್ಲಿ ಮಾಟಗಾತಿಯರ ಕುಣಿತದ ಒಂದು ಧಾಟಿಯೂ ಇದೆ. ನಡೆಯುತ್ತಾ ನಡೆಯುತ್ತಾ ಗಕ್ಕನೆ ನಿಲ್ಲುತ್ತದೆ, ವೇಗ ಬದಲಾಗುತ್ತದೆ, ಮತ್ತೆ ಹೊರಡುತ್ತದೆ. ಸಭ್ಯ ನೃತ್ಯದ ಧಾಟಿಗಳು ಹಾಗೆ ಮಾಡುವುದಿಲ್ಲ. ಕೇಳಲು ಸಿಕ್ಕರೆ ಕಾಲಿನಿಂದ ತಾಳ ಹಾಕಿ ನೋಡಿ, ತಪ್ಪುತ್ತೀರಿ.

ಅರಮನೆಯ ಕೊನೆಯ ಮಾಸ್ಕ್ 1640ರ ಜನವರಿ 21ರದು. ರೂಬೆನ್ಸ್ ಬರೆದ ಚಾವಣಿಯ ಚಿತ್ರಗಳು ದೀಪದ ಹೊಗೆಗೆ ಹಾಳಾಗುತ್ತವೆ ಅಂತ ವೈಟ್‌ಹಾಲ್ ಅರಮನೆಯ ಔತಣದ ಸಭಾಂಗಣ ಬ್ಯಾಂಕ್ವೆಟಿಂಗ್ ಹೌಸ್ ಬಿಟ್ಟು ಪಕ್ಕದಲ್ಲಿ ಮರದ ಕಟ್ಟಡ ಕಟ್ಟಿಸಿದ್ದರು. ಅಲ್ಲಿ ಬಿರುಗಾಳಿ ಎಬ್ಬಿಸುವ ಕಲಹದೇವತೆಯನ್ನು ಓಡಿಸಿ, ಪ್ರಜೆಗಳನ್ನು ಪ್ರೀತಿಸುವ ದೊರೆಯಾಗಿ ಚಾರ್ಲ್ಸ್ ತಾನೇ ವೇಷ ಹಾಕಿ ಕುಣಿದ. ಎರಡೂವರೆ ವರ್ಷಕ್ಕೆ ದೊರೆಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ. ಆಸ್ಥಾನಕ್ಕೆ ಮಾಸ್ಕ್‌ಗಳ ಸಂಗೀತ ಬರೆದಿದ್ದ ವಿಲಿಯಂ ಲಾಸ್ 1645ರಲ್ಲಿ ಚೆಸ್ಟರ್ ಹತ್ತಿರ ದೊರೆಯ ಕಡೆಯಿಂದ ಹೋರಾಡಲು ಹೋಗಿ ಸತ್ತ. 1649ರಲ್ಲಿ ದೊರೆಯ ತಲೆ ಹಾರಿಸಿದ್ದು ಅದೇ ಬ್ಯಾಂಕ್ವೆಟಿಂಗ್ ಹೌಸ್ ಮುಂದೆ.

ಹಾಗಾದರೆ ಆ ಕಾಲದ ಒಂದಾದರೂ ಮಾಸ್ಕ್‌ನ ಸಂಗೀತ ಪೂರ್ತಿ ಉಳಿದಿದೆಯೇ ಅಂತ ಕೇಳುತ್ತೀರಿ. ಉಳಿದಿದೆ, ಒಂದು. ಅದು ಯಾವ ದೊರೆಯ ಕಾಲದ್ದೂ ಅಲ್ಲ, ಅಂತರ್ಯುದ್ಧ ಗೆದ್ದ ಪಾರ್ಲಿಮೆಂಟ್ ಕಡೆಯ ಸೇನಾನಿ ಕ್ರಾಮ್‌ವೆಲ್ಲನ ಕಾಲದ್ದು! ಜೇಮ್ಸ್ ಶರ್ಲಿ ಬರೆದ ‘ಕ್ಯುಪಿಡ್ ಆ್ಯಂಡ್ ಡೆತ್’. 1653ರಲ್ಲಿ ಪೋರ್ಚುಗಲ್ಲಿನ ರಾಯಭಾರಿಗಾಗಿ ಆಡಿದರು, 1659ರಲ್ಲಿ ಮತ್ತೆ ಆಡಿದರು. ಸಂಗೀತ ಮ್ಯಾಥ್ಯೂ ಲಾಕ್ ಮತ್ತು ಕ್ರಿಸ್ಟೊಫರ್ ಗಿಬ್ಬನ್ಸ್‌ರದು. ಲಾಕ್ ತನ್ನ ಕೈಯಾರೆ ಬರೆದ ಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪ್ರೇಮದೇವತೆ ಮತ್ತು ಮೃತ್ಯು ಒಂದೇ ಛತ್ರದಲ್ಲಿ ತಂಗುತ್ತಾರೆ. ಅಲ್ಲಿನ ಕೆಲಸದವನು ಇಬ್ಬರ ಬಾಣಗಳನ್ನೂ ಅದಲುಬದಲು ಮಾಡಿಬಿಡುತ್ತಾನೆ. ಹರೆಯದ ಪ್ರೇಮಿಗಳು ಬಾಣ ತಾಗಿ ಸಾಯುತ್ತಾರೆ. ಸಾಯುವ ಮುದುಕ ಮುದುಕಿಯರು ಎದ್ದು ಪ್ರೀತಿಸಿ ಕುಣಿಯುತ್ತಾರೆ. ಕೆಲಸದವನಿಗೂ ಒಂದು ಬಾಣ ಬೀಳುತ್ತದೆ, ಅವನು ತಾನು ಕುಣಿಸುವ ಕೋತಿಗಳನ್ನೇ ಮೋಹಿಸುತ್ತಾನೆ. ಸರಿಮಾಡಲು ಎದುರಿಗೆ ಸಿಂಹಾಸನವಿಲ್ಲ, ಬುಧದೇವತೆ ಮರ್ಕ್ಯುರಿ ಇಳಿದು ಬರಬೇಕಾಗುತ್ತದೆ. ಅವನು ಮಾತಾಡುವುದಿಲ್ಲ, ಹಾಡುತ್ತಾನೆ. ಆ ಹಾಡಿನ ಸ್ವರಗಳು ಇವತ್ತೂ ಇವೆ, ಬೇಕಾದವರು ಕಲಿತು ಹಾಡಬಹುದು.